ಎರಡು ಕೋಣೆಗಳ ನಡುವಿನ ಬಾಗಿಲು

"ಹಲೋ... ಹಲೋ, ಯಾರು ಮಾತಾಡ್ತಿರೋದು?"

...

"ಹಾಂ? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ. ಹೌದು, ಮಂತ್ರಿಗಳ ಕಚೇರೀನೇ. ಯಾವುದು ಬೇಕಿತ್ತು ನಿಮಗೆ, ಶಿಕ್ಷಣ ಖಾತೆನಾ, ಆರ್ಥಿಕ ಅಭಿವೃದ್ಧಿ ಖಾತೆನಾ? ಎರಡಕ್ಕೂ ಮಂತ್ರಿ ಒಬ್ರೇ, ಎರಡಕ್ಕೂ ಫೋನ್ ಎತ್ತೋನೂ ನಾನೊಬ್ನೇ, ಅದು ಬೇರೆ ಮಾತು. ಆದ್ರೂ ಕೇಳ್ಬೇಕಲ್ಲ... ಯಾರು ಅಂದ್ರಿ?"

...

"ಅಯ್ಯೋ, ಭಾವ! ನೀವಾ? ಏನಿದು, ಕಚೇರಿ ಫೋನಿಗೇ ಮಾಡಿಬಿಟ್ಟಿದೀರಿ?"

...

"ಇಲ್ಲ ಇಲ್ಲ, ಬೇಕಂತ ಆಫ್ ಮಾಡಿದ್ದಲ್ಲ. ಮೊಬೈಲಲ್ಲಿ ಚಾರ್ಜ್ ಇರ್ಲಿಲ್ಲ, ಅಷ್ಟೇ. ಬೆಳಗ್ಗೆಯಿಂದ ಒಂಬತ್ತು ಸಲ ಮಾಡಿದ್ರಾ? ಛೆ ಛೆ."

ಮಂತ್ರಿಗಳ ಆಪ್ತ ಸಹಾಯಕ ಮೇಜಿನ ಖಾನೆಯನ್ನು ಮೊಣಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದ. ಅದರೊಳಗೆ ಅವನ ಮೊಬೈಲು ಹೊಟ್ಟೆ ತುಂಬ ಚಾರ್ಜ್ ತುಂಬಿಕೊಂಡು, ಬಾಯಿ ಮುಚ್ಚಿಕೊಂಡು ಮಲಗಿತ್ತು. ಇಪ್ಪತ್ತೆರಡು ವರ್ಷ ಮಂತ್ರಿಗಳ ಕಚೇರಿಗಳಲ್ಲೇ ಸವೆದ ಮನುಷ್ಯ ಅವನು. "ಸಾಹೇಬರು ಸಭೆಯಲ್ಲಿದ್ದಾರೆ" ಎಂಬ ಸುಳ್ಳನ್ನು ದಿನಕ್ಕೆ ನಲವತ್ತು ಸಲ ಕಣ್ಣು ಮಿಟುಕಿಸದೆ ಹೇಳಬಲ್ಲ. ಅಂಥವನು ಅಕ್ಕನ ಗಂಡನಿಗೆ ಇಷ್ಟು ಸಣ್ಣ ಸುಳ್ಳೊಂದನ್ನು ಹೇಳಿದ್ದೇ ತಡ, ಅವಸರದಲ್ಲಿ ಮಾತು ಬದಲಾಯಿಸಿದ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹದಿನೈದಾಗಿತ್ತು.

"ಅಕ್ಕ ಹೇಗಿದಾಳೆ? ಮಂಡಿನೋವು ಅಂತಿದ್ಲು, ಈಗ ಪರವಾಗಿಲ್ವಾ?"

...

"ಹಾಂ, ಸರಿ ಸರಿ. ಅಕ್ಕನ ಮಂಡಿ ವಿಚಾರಿಸೋಕೆ ನೀವು ಫೋನ್ ಮಾಡಿಲ್ಲ, ಗೊತ್ತು. ಹೇಳಿ."

...

"ಕಂಪನಿಯವರು ಆಗ್ಲೇ ಬಂದು ಕೂತಿದಾರಾ? ಎಷ್ಟು ಜನ?... ಮ್ಯಾನೇಜರೇ ಖುದ್ದಾಗಿ ಬಂದಿದಾರಾ? ನಿಮ್ಮ ಕೋಣೇಲೇ? ನಾವು ಮಾತಾಡೋದು ಅವರಿಗೆ ಕೇಳಿಸ್ತಿಲ್ಲ ತಾನೇ?... ವರಾಂಡಕ್ಕೆ ಬಂದಿದೀರಾ. ಒಳ್ಳೇದು. ಅಲ್ಲೇ ಇರಿ."

...

"ಮಕ್ಕಳೂನಾ? ಮೂವತ್ತೆಂಟೂ ಜನಾನಾ? ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕ್ಕೊಂಡು ಸಾಲಾಗಿ ನಿಂತಿದಾರಾ? ಯಾಕೆ ಭಾವ ನಿಲ್ಲಿಸಿದ್ರಿ ಅವರನ್ನ? ಕೂರಿಸ್ಬಾರ್ದಿತ್ತಾ ಎಲ್ಲಾದ್ರೂ?"

ಭಾವ ನಾಲ್ಕು ಗಂಟೆಯ ಹಾದಿಯಾಚೆ ಒಂದು ಊರಿನಲ್ಲಿ ಸರ್ಕಾರಿ ತರಬೇತಿ ಶಾಲೆಯ ಮುಖ್ಯಸ್ಥರು. ಎರಡು ಹಳೆಯ ಲೇತು, ಒಂದು ವೆಲ್ಡಿಂಗ್ ಶೆಡ್ಡು, ತಗಡಿನ ಮಾಡು, ಇಷ್ಟೇ ಶಾಲೆ. ಇಷ್ಟರಲ್ಲೇ ಮಕ್ಕಳ ಕೈಗೆ ಕೆಲಸ ಹತ್ತಿಸುವುದು ಹೇಗೆಂದು ಅವರಿಗೆ ಗೊತ್ತಿತ್ತು. ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ ಪಂಪು ತಯಾರಿಸುವ ಕಂಪನಿಯೊಂದು ತನ್ನ ಹೊಸ ಕಾರ್ಖಾನೆ ಹಾಕುವುದಾಗಿಯೂ, ಈ ವರ್ಷ ಕಲಿತು ಮುಗಿಸಿದ ಮೂವತ್ತೆಂಟು ಜನರನ್ನೂ ಕೆಲಸಕ್ಕೆ ತೆಗೆದುಕೊಳ್ಳುವುದಾಗಿಯೂ ಮಾತು ಕೊಟ್ಟಿತ್ತು. ಕಾರ್ಖಾನೆ ಏಳುವ ತನಕ ಶಾಲೆಯ ಶೆಡ್ಡಿನಲ್ಲೇ ಕೆಲಸ, ನಾಳೆಯಿಂದಲೇ ಹಾಜರಿ. ಷರತ್ತು ಒಂದೇ. ಸರ್ಕಾರದ ಆದೇಶ ಇವತ್ತು ಸಂಜೆ ಐದರೊಳಗೆ ಮ್ಯಾನೇಜರ ಕೈಗೆ ಬರಬೇಕು. ಬರದಿದ್ದರೆ ಅವರಿಗೆ ಜಾಗ ಕೊಡಲು ಪಕ್ಕದ ಪ್ರಾಂತ್ಯ ತುದಿಗಾಲಲ್ಲಿ ನಿಂತಿತ್ತು.

"ಆರ್ಡರ್... ಹಾಂ, ಆರ್ಡರ್ ವಿಷಯ. ಅದನ್ನೇ ನೋಡ್ತಾ ಇದೀನಿ ಭಾವ."

...

"ಇಲ್ಲ, ಇನ್ನೂ ಕಳಿಸಿಲ್ಲ... ಮೇಲ್‌ನಲ್ಲೂ ಇಲ್ಲ... ಅಯ್ಯೋ, ಸಹಿ ಆಗಿದೆ ಭಾವ. ಸಹಿ ಆಗಿರೋದು ನಿಜ, ನಾನೇ ನೋಡಿದೀನಲ್ಲ. ಆದ್ರೆ ಒಂದು ಸಣ್ಣ..."

...

"ಸಣ್ಣದು ಅಂದ್ರೆ ಸಣ್ಣದೇ. ಅಂದ್ರೆ, ತೀರಾ ಸಣ್ಣದೂ ಅಲ್ಲ."

...

"ಅಡ್ಡಗೋಡೆ ಮೇಲೆ ದೀಪ ಇಡ್ತಾ ಇಲ್ಲ ಭಾವ. ಹೇಳ್ತೀನಿ, ಹೇಳೋಕೆ ಬಿಡಿ. ಮತ್ತೆ ಇವತ್ತೊಂದಿನ ನನ್ನ ಠಸ್ಸೆ ಅಂತ ಕರೀಬೇಡಿ. ಇವತ್ತು ನಗು ಬರಲ್ಲ."

ಅವನು ಸರ್ಕಾರಿ ಕೆಲಸಕ್ಕೆ ಸೇರಿದ ವಾರವೇ ಭಾವ ಅವನಿಗಿಟ್ಟ ಹೆಸರು ಅದು. ಕಾಗದ ಕಂಡಲ್ಲೆಲ್ಲ ಮುದ್ರೆ ಒತ್ತುವವನು ಎಂದು ಮದುವೆಮನೆ, ಮುಂಜಿಮನೆ ಎನ್ನದೆ ಎಲ್ಲರೆದುರು ಕಾಲೆಳೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಅವನ ಕುರ್ಚಿಯಿಂದ ಒಂದೇ ಒಂದು ಉಪಕಾರ ಕೇಳಿದವರಲ್ಲ. ಸ್ವಂತ ವರ್ಗಾವಣೆ ಆದಾಗಲೂ ತುಟಿಪಿಟಿಕ್ಕೆನ್ನದೆ ಪೆಟ್ಟಿಗೆ ಕಟ್ಟಿದ್ದರು. ಈ ಒಂದು ಕಡತಕ್ಕೆ ಮಾತ್ರ, ಅದೂ ಕಳೆದ ತಿಂಗಳು, "ಏನಾದರೂ ಆಗುತ್ತಾ ನೋಡೋ" ಎಂದಿದ್ದರು. ಅಷ್ಟು ಅಂದದ್ದೇ ಅವನಿಗೆ ದೊಡ್ಡದಾಗಿತ್ತು.

"ಸಾಹೇಬ್ರಿಗೆ ಫೋನ್ ಕೊಡೋಕೆ ಆಗಲ್ಲ ಭಾವ, ಸಭೆಗೆ ಹೋಗಿದಾರೆ... ಅಲ್ಲ, ಎಲ್ಲರಿಗೂ ಹೇಳೋ ಸಭೆ ಅಲ್ಲ, ಇದು ನಿಜವಾದ ಸಭೆ. ದೊಡ್ಡ ಸಭಾಂಗಣದಲ್ಲಿ ಶಿಕ್ಷಣ ಮತ್ತು ಅಭಿವೃದ್ಧಿ ಅಂತ ಸಮ್ಮೇಳನ. ವೇದಿಕೆ ಹತ್ತೋವಾಗ ಮೊಬೈಲ್ ನನ್ನ ಮೇಜಿನ ಮೇಲೇ ಬಿಟ್ಟು ಹೋಗ್ತಾರೆ. ಇಲ್ಲೇ ಇದೆ, ನನ್ನನ್ನೇ ನೋಡ್ತಾ ಇದೆ."

...

"ಸರಿ, ಕೇಳಿ. ನಿಮ್ಮ ಕಡತ ಹದಿನಾಲ್ಕು ತಿಂಗಳು ಓಡಾಡ್ತು, ಅಲ್ವಾ? ಎಲ್ಲಿಂದ ಎಲ್ಲಿಗೆ ಓಡಾಡ್ತು ಗೊತ್ತಾ?... ಈ ಎಡಗಡೆ ಕೋಣೆಯಿಂದ ಆ ಬಲಗಡೆ ಕೋಣೆಗೆ. ಹನ್ನೆರಡು ಹೆಜ್ಜೆ ಭಾವ. ನಾನು ಅಳೆದು ನೋಡಿದೀನಿ."

...

"ತಮಾಷೆ ಅಲ್ಲ. ಎಡಗಡೆ ಕೋಣೇಲಿ ಕೂತಾಗ ಸಾಹೇಬ್ರು ಶಿಕ್ಷಣ ಮಂತ್ರಿ. ಮಧ್ಯಾಹ್ನ ಬಲಗಡೆ ಹೋಗಿ ಕೂತ್ರೆ ಅಭಿವೃದ್ಧಿ ಮಂತ್ರಿ. ನಿಮ್ಮದು ಎರಡೂ ಖಾತೆಗೆ ಸೇರಿದ್ದು. ಶಾಲೆ ಅಂದ್ರೆ ಶಿಕ್ಷಣ, ಕಾರ್ಖಾನೆಗೆ ಜಾಗ ಅಂದ್ರೆ ಅಭಿವೃದ್ಧಿ. ಎಡಗಡೆ ಕೂತು, ಅಭಿವೃದ್ಧಿ ಖಾತೆಯ ಅಭಿಪ್ರಾಯ ಪಡೆಯಿರಿ ಅಂತ ಷರಾ ಬರೆದ್ರು. ಬಲಗಡೆ ಕೂತು, ಶಿಕ್ಷಣ ಖಾತೆಯ ಸ್ಪಷ್ಟ ಅಭಿಪ್ರಾಯದೊಂದಿಗೆ ಮಂಡಿಸಿರಿ ಅಂತ ಷರಾ ಬರೆದ್ರು."

...

"ಹೌದು, ಅವರೇ. ಎರಡೂ ಅವರೇ... ಹೌದು ಭಾವ, ಪೆನ್ನೂ ಒಂದೇ."

...

"ಹುಚ್ಚಲ್ಲ ಭಾವ, ಹಾಗನ್ಬೇಡಿ. ಷರಾ ಬರೆದು ತರೋರು ಕೆಳಗಿನವರು. ಸಾಹೇಬ್ರು ಓದ್ತಾರೆ, ಸರಿ ಇದೆ ಅನ್ನಿಸಿದ್ರೆ ಸಹಿ ಹಾಕ್ತಾರೆ. ಎರಡೂ ಸರಿಯಾಗೇ ಇದ್ವಲ್ಲ, ಏನು ಮಾಡ್ತೀರಿ?"

ಮಂತ್ರಿಗಳು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವನಿಗೆ ಇಷ್ಟು ಸಂಕಟವೂ ಇರುತ್ತಿರಲಿಲ್ಲ. ಅಧಿಕಾರ ವಹಿಸಿಕೊಂಡ ದಿನ ಎರಡೂ ಖಾತೆ ಬೇಕೆಂದು ಹಟ ಹಿಡಿದವರೇ ಅವರು. ಓದಿಸುವವನು ಒಬ್ಬ, ಕೆಲಸ ಕೊಡಿಸುವವನು ಇನ್ನೊಬ್ಬನಾದ್ದರಿಂದಲೇ ಓದಿದವರಿಗೆ ಕೆಲಸವಿಲ್ಲ ಎಂಬುದು ಅವರ ವಾದ. ಎರಡೂ ಒಬ್ಬನ ಕೈಯಲ್ಲಿದ್ದರೆ ಆಯಿತಲ್ಲ ಎಂದರು. ಕೇಳಿದವರೆಲ್ಲ ತಲೆದೂಗಿದರು, ಇವನೂ ತಲೆದೂಗಿದ. ಪ್ರತಿ ತರಬೇತಿ ಶಾಲೆಗೂ ಒಂದೊಂದು ಕಾರ್ಖಾನೆಯನ್ನು ಜೋಡಿಸುವ ಯೋಜನೆ ಹುಟ್ಟಿತು. ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಶಾಲೆಗಳು ಕಾಗದದ ಮೇಲೆ ಜೋಡಿಯಾದವು, ಒಬ್ಬ ವಿದ್ಯಾರ್ಥಿಗೂ ಕೆಲಸ ಸಿಗಲಿಲ್ಲ. ಮಂತ್ರಿ ಒಬ್ಬರೇ ಆದರೂ ಇಲಾಖೆ ಎರಡೇ ಆಗಿ ಉಳಿದಿತ್ತು. ಎಡಗೋಣೆಯಿಂದ ಕಡತ ಹೊರಟರೆ ನೆಲಮಾಳಿಗೆಯ ಟಪಾಲು ವಿಭಾಗಕ್ಕೆ ಇಳಿದು, ರಿಜಿಸ್ಟರಿನಲ್ಲಿ ದಾಖಲಾಗಿ, ಇನ್‌ವರ್ಡ್ ನಂಬರು ಹಾಕಿಸಿಕೊಂಡು ಬಲಗೋಣೆಗೆ ಏರಬೇಕು. ಹನ್ನೆರಡು ಹೆಜ್ಜೆಗೆ ಹನ್ನೊಂದು ದಿನ ಹಿಡಿಯುತ್ತಿತ್ತು.

"ಮಧ್ಯೆ ಒಂದು ಬಾಗಿಲಿದೆ ಭಾವ. ಎರಡೂ ಕೋಣೆ ನಡುವೆ. ಸಾಹೇಬ್ರು ಓಡಾಡೋಕೆ ಅಂತ ಇರೋದು. ಮನುಷ್ಯ ಹೋಗ್ಬಹುದು, ಕಡತ ಹೋಗೋ ಹಾಗಿಲ್ಲ."

...

"ಹಾಂ... ಅದನ್ನೇ ನಾನು ಮಾಡಿದ್ದು."

...

"ನೀವು ಫೋನ್ ಮಾಡಿದ್ರಲ್ಲ ಅವತ್ತು, ಅದರ ಮರುದಿನ. ಬೆಳಗ್ಗೆ ಶಿಕ್ಷಣದ ಸಹಿ ಆಯ್ತು. ಇನ್ನು ಟಪಾಲಿಗೆ ಇಳಿಸಿದ್ರೆ ಮತ್ತೆ ಹನ್ನೊಂದು ದಿನ, ಅಭಿಪ್ರಾಯ ಅಂತ ವಾಪಸ್ ಬಂದ್ರೆ ಮತ್ತೆ ಹನ್ನೊಂದು ದಿನ. ನಂಗೆ ತಲೆ ಕೆಟ್ಟುಹೋಯ್ತು. ಟಪಾಲಿನವರ ಪುಸ್ತಕಕ್ಕೆ ಕೆಳಗೆ ಕಳಿಸಿದೀನಿ ಅಂತ ಚೀಟಿ ಕೊಟ್ಟೆ. ಕಡತಾನ ಮಾತ್ರ ಕಂಕುಳಲ್ಲಿ ಇಟ್ಕೊಂಡು ಆ ಬಾಗಿಲಲ್ಲೇ ನುಗ್ಗಿಬಿಟ್ಟೆ. ಸಾಹೇಬ್ರು ಅಲ್ಲಿ ಕೂತಿದ್ರು. ಮೇಜಿನ ಮೇಲೆ ಇಟ್ಟೆ. 'ಬೆಳಗ್ಗೆ ನೋಡಿದ್ದಲ್ವೇನಯ್ಯಾ ಇದನ್ನ, ಇಷ್ಟು ಬೇಗ ಬಂತಾ?' ಅಂತ ನಕ್ರು. ಸಹಿ ಹಾಕಿಯೇಬಿಟ್ರು."

...

"ಹೌದು ಭಾವ, ಅವತ್ತು ಸಂತೋಷವೇ. ನಂಗೂ ಸಂತೋಷ. ಆವತ್ತೇ ಅಲ್ವಾ ನಿಮಗೆ ಸಹಿಯ ಫೋಟೋ ಕಳಿಸಿದ್ದು."

...

"ಈಗ ಏನು ಅಂದ್ರೆ... ಪರಿಶೀಲನಾ ವಿಭಾಗ ತಕರಾರು ತೆಗೆದಿದೆ. ಆ ತಾರೀಖಿಗೆ ಪುಸ್ತಕದ ಪ್ರಕಾರ ಕಡತ ನೆಲಮಾಳಿಗೇಲಿತ್ತು. ಬಲಗಡೆ ಕೋಣೆಗೆ ಅದು ಬಂದೇ ಇಲ್ಲ, ಇನ್‌ವರ್ಡ್ ನಂಬರೇ ಇಲ್ಲ. ಬರದೇ ಇರೋ ಕಡತದ ಮೇಲೆ ಸಹಿ ಹೇಗಾಯ್ತು? ಆದ್ರಿಂದ ಆ ಸಹಿ ಸಹಿಯೇ ಅಲ್ಲ. ಅದೇ ದಿನದ್ದು ಅಂತ ಶಿಕ್ಷಣದ ಸಹಿ ಮೇಲೂ ಅನುಮಾನ. ಎರಡೂ ರದ್ದು."

...

"ಭಾವ?"

...

"ಭಾವ, ಕೇಳಿಸ್ತಾ ಇದ್ಯಾ?"

ಇವನು ರಿಸೀವರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದ. ಕಿವಿ ಬದಲಾಯಿಸಿದರೆ ಮಾತು ಬದಲಾದೀತೇ? ಎರಡು ಕೋಣೆಗಳ ನಡುವಿನ ಆ ಬಾಗಿಲಿಗೆ ನಿನ್ನೆಯಷ್ಟೇ ಉಕ್ಕಿನ ಬೀರುವೊಂದನ್ನು ಅಡ್ಡ ಇಟ್ಟಿದ್ದರು. ಇನ್ನು ಮೇಲೆ ಮಂತ್ರಿಗಳೂ ಹೊರಗಿನ ಪಡಸಾಲೆಯಿಂದಲೇ ಸುತ್ತಿ ಬರಬೇಕು.

"ಹಾಂ, ಹೇಳಿ... ಮತ್ತೆ ಮೊದಲಿಂದ. ಎಡಗಡೆ ಕೋಣೆಯಿಂದಲೇ. ಎಷ್ಟು ದಿನ ಅಂದ್ರೆ... ಮೂರು ತಿಂಗಳು ಅನ್ಕೊಳ್ಳಿ. ಅದೂ ಎಲ್ಲರೂ ಓಡಿದ್ರೆ. ಇಲ್ಲಿ ಯಾರು ಓಡ್ತಾರೆ ಭಾವ?"

...

"ಟಪಾಲಿನಲ್ಲಿ ಹಿಂದಿನ ತಾರೀಖಿಗೆ ನಂಬರ್ ಹಾಕಿಸೋದಾ? ನೀವಾ ಇದನ್ನ ಕೇಳ್ತಿರೋದು? ಒಂದು ದಿನದ ರಜೆ ಚೀಟೀಲೂ ತಾರೀಖು ತಿದ್ದದೇ ಇರೋರು ನೀವು."

...

"ಇಲ್ಲ ಇಲ್ಲ, ತಪ್ಪು ತಿಳ್ಕೋಬೇಡಿ. ಕೇಳಿದ್ದು ಸರಿನೇ. ನಾನೂ ಹೋಗಿದ್ದೆ. ಇಳಿದು ಹೋಗಿ ಆ ಮೇಲ್ವಿಚಾರಕಿ ಮುಂದೆ ನಿಂತೆ. ಅಮ್ಮಾ, ಆ ದಿನದ ಪುಟದಲ್ಲಿ ಒಂದು ಸಾಲು ಜಾಗ ಇದ್ರೆ ನೋಡಿ ಅಂದೆ. ಪುಸ್ತಕಾನ ನನ್ನ ಕಡೆ ತಿರುಗಿಸಿ ತೋರಿಸಿದ್ರು. ಒಂದು ಸಾಲೂ ಖಾಲಿ ಇಲ್ಲ. ಎರಡು ವರ್ಷದ ಹಿಂದೆ, ಸಾಲು ಖಾಲಿ ಬಿಡಕೂಡದು ಅಂತ ಸುತ್ತೋಲೆ ಬಂದಿತ್ತಲ್ಲ ಸಾರ್, ಅವತ್ತಿಂದ ನಾನು ಬಿಟ್ಟಿಲ್ಲ ಅಂದ್ರು. ಆ ಸುತ್ತೋಲೆ ಟೈಪ್ ಮಾಡಿದ್ದು ನಾನೇ ಭಾವ."

...

"ಯಾವತ್ತು ಗೊತ್ತಾಯ್ತಾ? ನಂಗಾ?"

...

"ಮೊನ್ನೆ."

...

"ಹೌದು, ಮೊನ್ನೆಯಿಂದ. ಹೇಳ್ಬೇಕು ಅಂತಾನೇ ಇದ್ದೆ. ನಿನ್ನೆ ಎರಡು ಸಲ ನಿಮ್ಮ ನಂಬರ್ ಒತ್ತಿದೆ, ರಿಂಗ್ ಆಗೋದ್ರೊಳಗೆ ಕಟ್ ಮಾಡಿದೆ. ಧೈರ್ಯ ಬರ್ಲಿಲ್ಲ ಭಾವ. ಏನಾದ್ರೂ ದಾರಿ ಸಿಗುತ್ತೇನೋ, ಇವತ್ತು ಸಿಗುತ್ತೇನೋ ಅಂತ... ಸಿಗ್ಲಿಲ್ಲ."

...

"ಬೈಯಿರಿ. ಬೈದುಬಿಡಿ ನನ್ನ. ಸುಮ್ನಿರ್ಬೇಡಿ ಮಾತ್ರ."

ಭಾವ ಬೈಯಲಿಲ್ಲ. ಬೈದಿದ್ದರೆ ಇವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೇರೇನನ್ನೋ ಹೇಳತೊಡಗಿದರು. ಮೆಲ್ಲಗೆ, ಹಾಜರಿ ಕೂಗುವ ದನಿಯಲ್ಲಿ.

"ಹನ್ನೊಂದು ಜನಾನಾ?... ಇದ್ದ ಕೆಲಸ ಬಿಟ್ಟು ಬಂದ್ರಾ? ಯಾವಾಗ?... ನಾನು ಫೋಟೋ ಕಳಿಸಿದ ಮೇಲೆ. ಹಾಂ."

...

"ಗೊತ್ತು. 'ಆಯ್ತು ಅಂತಲೇ ತಿಳ್ಕೊಳ್ಳಿ' ಅಂತ ಬರೆದಿದ್ದು ನಾನೇ. ನೀವು ಆ ಫೋಟೋ ಅವರಿಗೆ ತೋರಿಸಿದ್ರಾ?... ನೋಟೀಸ್ ಬೋರ್ಡಿಗೇ ಹಾಕಿದ್ರಾ? ಅಯ್ಯೋ ಭಾವ."

...

"ಅಲ್ಲ, ನೀವು ಯಾಕೆ ಹಾಕಿದ್ರಿ ಅಂತ ಹೇಗೆ ಕೇಳ್ಲಿ? ಮಂತ್ರಿಯ ಸಹಿ ನೋಡಿದ ಮೇಲೆ ಇನ್ನೇನು ನೋಡ್ಬೇಕಿತ್ತು ನೀವು. ಒಬ್ಬಳು ಅಂಗಡಿ ಕೆಲಸ ಬಿಟ್ಲಾ? ಇನ್ನೊಬ್ಬ ಗ್ಯಾರೇಜು... ಸಾಕು ಭಾವ. ಒಬ್ಬೊಬ್ಬರದ್ದೇ ಹೇಳ್ಬೇಡಿ. ಸಾಕು."

...

"ಮ್ಯಾನೇಜರ್ ಹತ್ರ ನಾನೇ ಮಾತಾಡ್ಲಾ? ಮೂರು ತಿಂಗಳು ಟೈಮ್ ಕೊಡಿ ಅಂತ ಕಾಲು ಹಿಡೀತೀನಿ ಬೇಕಾದ್ರೆ."

...

"ನೀವಾಗ್ಲೇ ಕೇಳಿದ್ರಾ... ಮೂರು ದಿನಾನೂ ಇಲ್ವಂತಾ? ಹೌದು, ಅವರಿಗೇನು. ಅವರ ಯಂತ್ರಗಳು ಲಾರಿ ಮೇಲೇ ಇವೆ ಅಂತ ಕೇಳಿದ್ದೆ."

ಇಷ್ಟರಲ್ಲಿ ಆ ತುದಿಯಲ್ಲಿ ಏನೋ ಒಡೆದಂತೆ ಸದ್ದಾಯಿತು. ಮೊದಲು ಒಂದು ಕೂಗು, ಹಿಂದೆಯೇ ಹತ್ತಾರು ಕೂಗು. ಇವನು ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ.

"ಏನದು ಭಾವ? ಏನು ಗದ್ದಲ? ಯಾರಿಗೇನಾಯ್ತು?"

...

"ಚಪ್ಪಾಳೆನಾ? ಯಾಕೆ?"

...

"ಯಾರ ಭಾಷಣ?... ಮೊಬೈಲಲ್ಲಾ? ಮಕ್ಕಳು ನೋಡ್ತಿದಾರಾ? ಈಗ, ಲೈವಲ್ಲಿ?"

ಸಮ್ಮೇಳನದಲ್ಲಿ ಮಂತ್ರಿಗಳು ಓದುತ್ತಿದ್ದ ಭಾಷಣವನ್ನು ಬರೆದವನು ಇವನೇ. ಬರೆದದ್ದು ಸಹಿ ಬಿದ್ದ ವಾರ, ಖುಷಿಯ ಭರದಲ್ಲಿ. ಏಳು ಪುಟದ ಭಾಷಣದಲ್ಲಿ ಆರು ಪುಟ ಎಂದಿನ ಹೊಟ್ಟು. ಮೂರನೆಯ ಪುಟವೊಂದರಲ್ಲಿ ಮಾತ್ರ ಕಾಳಿತ್ತು. "ದೂರದ ಊರಿನ ಒಂದು ಪುಟ್ಟ ತರಬೇತಿ ಶಾಲೆಯ ಮೂವತ್ತೆಂಟು ಯುವಕ ಯುವತಿಯರು ನಾಳೆ ಬೆಳಗ್ಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ಆದೇಶಕ್ಕೆ ನಾನೇ ಸಹಿ ಮಾಡಿದ್ದೇನೆ." ನಾಲ್ಕು ವರ್ಷದ ದುಡಿಮೆಯಲ್ಲಿ ಮಂತ್ರಿಗಳು ಎದೆಯುಬ್ಬಿಸಿ ಹೇಳಬಹುದಾಗಿದ್ದ ಸಾಲು ಅದೊಂದೇ. ತಕರಾರು ಬಂದ ಮೇಲೆ ಆ ಪುಟ ತೆಗೆಯಬೇಕಿತ್ತು. ತೆಗೆಯಬೇಕಾದರೆ ಏಕೆಂದು ಅವರಿಗೆ ಹೇಳಬೇಕಿತ್ತು. ಹೇಳಬೇಕಾದರೆ ಆ ಬಾಗಿಲಿನ ಕತೆ ಹೇಳಬೇಕಿತ್ತು. ಅದಕ್ಕೂ ಅವನಿಗೆ ಧೈರ್ಯ ಬಂದಿರಲಿಲ್ಲ.

"ಸಾಹೇಬ್ರಿಗೆ ಗೊತ್ತಿಲ್ಲ ಭಾವ. ರದ್ದಾಗಿದೆ ಅಂತ ಅವರಿಗೆ ಗೊತ್ತೇ ಇಲ್ಲ. ಅವರು ಸುಳ್ಳು ಹೇಳ್ತಾ ಇಲ್ಲ. ನಾನು ಹೇಳಿಸ್ತಾ ಇದೀನಿ."

...

"ಮಕ್ಕಳಿಗೆ ಆರ್ಡರ್ ಬಂತು ಅಂತಲೇ ಅರ್ಥ ಆಗಿರೋದು, ಅಲ್ವಾ? ಇನ್ನೇನು ಅರ್ಥ ಆಗ್ಬೇಕು. ನಿಮ್ಮ ಹತ್ರ ಬಂದ್ರಾ? ನಿಮ್ಮನ್ನ... ಭಾವ, ಎಲ್ಲಿದೀರಿ? ಎತ್ಕೊಂಡುಬಿಟ್ರಾ ನಿಮ್ಮನ್ನ?"

...

"ಇಳಿಸೋಕೆ ಹೇಳಿ. ಜೋಪಾನ. ಸೊಂಟ ಸರಿ ಇಲ್ಲ ನಿಮ್ಮದು."

ಗದ್ದಲದ ನಡುವೆ ಭಾವನ ದನಿ ಬಂದು ಬಂದು ಹೋಗುತ್ತಿತ್ತು. ಮ್ಯಾನೇಜರು ಬಾಗಿಲಿಗೆ ಬಂದು ನಿಂತಿದ್ದರಂತೆ. ಭಾಷಣವನ್ನು ಅವರೂ ಕೇಳಿದರಂತೆ.

"ಏನಂದ್ರು?... ಭಾಷಣ ಫೈಲಿಗೆ ಹಾಕೋಕೆ ಆಗಲ್ಲ, ಕಾಗದ ಕೊಡಿ ಅಂದ್ರಾ? ಅವರು ಹೇಳೋದು ನ್ಯಾಯವೇ. ನೀವೇನಂದ್ರಿ?"

...

"ಹೇಳಿಬಿಟ್ರಾ. ಕಾಗದ ಇಲ್ಲ ಅಂತ ಹೇಳಿಬಿಟ್ರಾ ಅವರಿಗೆ. ಸರಿ, ಇನ್ನೇನು ಮಾಡ್ತಿದ್ರಿ. ಈಗ ಎಲ್ಲಿದಾರೆ?... ಕಾರು ಹತ್ತಿದ್ರಾ."

...

"ಇನ್ನೂ ಐದಾಗಿಲ್ವಲ್ಲ ಭಾವ. ಇನ್ನೂ ಹದಿನೆಂಟು ನಿಮಿಷ... ಹಾಂ. ಇದ್ದು ಏನು ಮಾಡ್ತಾರೆ. ಹೌದು."

ಕಾರು ಗೇಟು ದಾಟಿದ್ದನ್ನು ಮಕ್ಕಳು ನೋಡಿದರಂತೆ. ನೋಡಿ ಕೈ ಬೀಸಿದರಂತೆ. ನಾಳೆ ಬೆಳಗ್ಗೆ ಮತ್ತೆ ಬರುವ ಯಜಮಾನರು ಎಂದುಕೊಂಡೇ ಬೀಸಿದರಂತೆ. ಇದಿಷ್ಟು ಹೇಳಿ ಭಾವ ಮಾತು ನಿಲ್ಲಿಸಿದರು. ಮೂವತ್ತು ವರ್ಷ ಗಂಟೆಗಟ್ಟಲೆ ಪಾಠ ಹೇಳಿದ ಮನುಷ್ಯ ಅಳುತ್ತಿದ್ದಾರೆಂದು ಇವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಇವನಿಗೂ ತಡೆಯಲಾಗಲಿಲ್ಲ. ಆಪ್ತ ಸಹಾಯಕನ ಕುರ್ಚಿಯಲ್ಲಿ ಕೂತು ಅಂಗೈಯಿಂದ ಮುಖ ಒರೆಸಿಕೊಂಡ.

"ಭಾವ, ನೀವು ಒಳಗೆ ಹೋಗಿ ಕೂತ್ಕೊಳ್ಳಿ. ನೀವು ಹೇಳ್ಬೇಡಿ ಅವರಿಗೆ."

...

"ಇಲ್ಲ, ನಿಮ್ಮ ಕೈಲಾಗಲ್ಲ. ನೀವೇ ಕಲಿಸಿದ ಮಕ್ಕಳು, ಅವರ ಮುಖ ನೋಡ್ಕೊಂಡು ಹೇಗೆ ಹೇಳ್ತೀರಿ? ನಾನು ಹೇಳ್ತೀನಿ. ನನ್ನ ತಪ್ಪು, ನಾನೇ ಹೇಳ್ಬೇಕು. ಫೋನ್ ಅವರ ಕೈಗೆ ಕೊಡಿ. ಸ್ಪೀಕರಿಗೆ ಹಾಕೋಕೆ ಹೇಳಿ, ಎಲ್ಲರಿಗೂ ಒಟ್ಟಿಗೆ ಹೇಳ್ತೀನಿ."

...

"ಹೇಳ್ತೀನಿ ಭಾವ. ಈ ಸಲ ತಪ್ಪಿಸ್ಕೊಳ್ಳಲ್ಲ. ಕೊಡಿ."

ಫೋನು ಕೈ ಬದಲಾಯಿಸಿತು. ಹೆಜ್ಜೆಗಳು, ನಗು, ಯಾರೋ ಯಾರನ್ನೋ ತಳ್ಳಿದ ಸದ್ದು. ಅವನು ಎದ್ದು ನಿಂತ. ಕೂತು ಹೇಳುವ ಮಾತಲ್ಲ ಎನ್ನಿಸಿತು.

"ಹಲೋ... ಯಾರಮ್ಮ?"

...

"ಹಾಂ, ನಾನೇ. ಮಂತ್ರಿಗಳ ಕಚೇರಿಯಿಂದ... ಹೌದಮ್ಮ, ನಿಮ್ಮ ಸಾರ್‌ಗೆ ನೆಂಟ. ನೀನು ಲೇತ್ ಮೇಲೆ ಕೆಲಸ ಮಾಡೋಳಾ? ನಿನ್ನ ಬಗ್ಗೆ ಹೇಳಿದಾರೆ ಅವರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕೊರೀತಾಳೆ ಅಂತಿದ್ರು."

...

"ಥ್ಯಾಂಕ್ಸ್ ಹೇಳ್ಬೇಡಮ್ಮ. ದಯವಿಟ್ಟು ಹೇಳ್ಬೇಡ."

...

"ನಾಳೆ ಎಷ್ಟು ಗಂಟೆಗೆ ಬರ್ಬೇಕಾ?"

ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಬಾಯಿಪಾಠವಾದ ಉತ್ತರಗಳು ನೂರಿದ್ದವು. ಪರಿಶೀಲನೆಯಲ್ಲಿದೆ. ಕ್ರಮ ಕೈಗೊಳ್ಳಲಾಗುವುದು. ಸೂಕ್ತ ಸಮಯದಲ್ಲಿ ತಿಳಿಸಲಾಗುವುದು. ಎಲ್ಲವೂ ನಾಲಿಗೆಯ ತುದಿಗೆ ಸಾಲಾಗಿ ಬಂದು ನಿಂತವು. ಅವನು ಒಂದೊಂದನ್ನೇ ನುಂಗಿದ.

"ನಾಳೆ ಬರೋದು ಬೇಡಮ್ಮ... ನಾಡಿದ್ದೂ ಅಲ್ಲ. ರಜೆ ಅಲ್ಲಮ್ಮ, ಕೇಳು. ಕೆಲಸ ಇಲ್ಲ. ಆ ಆರ್ಡರ್ ರದ್ದಾಗಿದೆ."

...

"ಹೌದು, ಮಂತ್ರಿಗಳು ಈಗ ಹೇಳಿದ್ರು. ಅವರಿಗೆ ಗೊತ್ತಿಲ್ಲಮ್ಮ, ನಾನು ಹೇಳಿರ್ಲಿಲ್ಲ. ನಿಮ್ಮ ಸಾರ್‌ಗೂ 'ಆಯ್ತು' ಅಂತ ಸುಮ್ನೆ ಹೇಳಿದ್ದು ನಾನೇ. ತಪ್ಪೆಲ್ಲ ನಂದೇ. ನಿಮ್ಮ ಸಾರ್‌ದು ಏನೂ ಇಲ್ಲ."

...

"ಮ್ಯಾನೇಜರ್ ವಾಪಸ್ ಹೋದ್ರು. ಬರಲ್ಲ ಅವರು... ಇಲ್ಲ. ಮುಂದಿನ ತಿಂಗಳೂ ಇಲ್ಲ. ಕಾರ್ಖಾನೆ ಬೇರೆ ಕಡೆ ಹೋಗುತ್ತೆ."

...

"ಅಂಗಡಿ ಕೆಲಸ ಬಿಟ್ಟೋಳು ನೀನೇನಾ? ಅವರ ಹತ್ರ ಹೋಗಿ ಕೇಳಿ ನೋಡಮ್ಮ, ಮತ್ತೆ ಕರ್ಕೊಳ್ಬಹುದು... ಬೇರೆಯವಳು ಬಂದಾಯ್ತಾ? ಹಾಂ. ಹಾಂ, ಬಂದಿರ್ತಾಳೆ."

ಅವಳ ಹಿಂದೆ ಸಂಭ್ರಮ ನಡೆದೇ ಇತ್ತು. ಯಾರೋ ಶಿಳ್ಳೆ ಹಾಕಿದರು, ಯಾರೋ ಮನೆಗೆ ಫೋನು ಮಾಡಿ "ಅಮ್ಮಾ, ಆಯ್ತು" ಎಂದು ಕೂಗುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವನಿಗೆ ಹೊಳೆಯಿತು.

"ಅಮ್ಮಾ... ಸ್ಪೀಕರಿಗೆ ಹಾಕಿರ್ಲಿಲ್ವಾ?"

...

"ಹಾಗಾದ್ರೆ ಇಷ್ಟು ಹೊತ್ತೂ ನೀನೊಬ್ಬಳೇ ಕೇಳಿಸ್ಕೊಂಡ್ಯಾ?"

...

"ಇವರಿಗೆ ಯಾರು ಹೇಳೋದು ಅಂತ ಕೇಳ್ತಿದೀಯಾ? ನಾನು, ನಾನೇ ಹೇಳ್ತೀನಿ. ನೀನು ಹೇಳ್ಬೇಡ. ನೀನು ಹೇಳೋ ಮಾತಲ್ಲ ಅದು, ತಿಳೀತಾ? ಈಗ ಸ್ಪೀಕರಿಗೆ ಹಾಕು. ಹಾಕಿದ್ಯಾ?"

...

"ಅಳ್ಬೇಡಮ್ಮ, ಅವರು ನಿನ್ನ ಮುಖ ನೋಡ್ತಾರೆ. ಯಾರೋ ಏನೋ ಕೇಳ್ತಿದಾರಲ್ಲ ನಿನ್ನ, ಏನೂ ಹೇಳ್ಬೇಡ, ಫೋನ್ ಮೇಲೆ ಹಿಡಿ. ನಾನು ಮಾತಾಡ್ತೀನಿ, ಎಲ್ಲರಿಗೂ ಕೇಳೋ ಹಾಗೆ... ಹಲೋ? ಹಲೋ, ಅಮ್ಮಾ?... ಲೈನ್ ಕಟ್ ಆಯ್ತಾ?... ನೀನು ಹೇಳ್ಬೇಡ... ಹಲೋ?"